ಒಬ್ಬ ಭಾವನನ್ನು ಬಿಟ್ಟು

ಮೊಸರಿನಲ್ಲಿ ಕಲ್ಲು ಹುಡುಕುವವರನ್ನು ಲೋಕ ಬೈಯುವುದೇ ಹೆಚ್ಚು. ಬೈಯಲಿ ಬಿಡಿ. ಎಂದಾದರೊಂದು ದಿನ ಹಲ್ಲಿಗೆ ಕಲ್ಲು ಸಿಕ್ಕಿ ಕಟುಮ್ ಎಂದಾಗ ಅದೇ ಲೋಕ ದವಡೆ ಹಿಡಿದುಕೊಂಡು ಅವರ ಬಾಗಿಲಿಗೇ ಓಡಿಬರುತ್ತದೆ. ಈ ಕಥೆಯ ಹೆಂಗಸು ಅಂಥವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವಳದೊಂದು ಕನ್ನಡಕದ ಅಂಗಡಿ. ಒಂದು ಗೋಡೆಗೆ ಕನ್ನಡಿ, ಇನ್ನೊಂದಕ್ಕೆ ಫ್ರೇಮುಗಳ ಗಾಜಿನ ಕಪಾಟು, ಎದುರಿನ ಗೋಡೆಗೆ ದೊಡ್ಡದರಿಂದ ಚಿಕ್ಕದಕ್ಕಿಳಿಯುವ ಅಕ್ಷರಗಳ ಫಲಕ, ಅದನ್ನು ಓದುವವರು ಕೂರಲು ಒಂದು ಮುಕ್ಕಾಲಿ. ಮೂಗಿನ ಮೇಲೆ ಕೂರುವ ರಬ್ಬರ್ ತುಂಡು, ಕಣ್ಣಿಗೆ ಕಾಣದಷ್ಟು ಚಿಕ್ಕ ತಿರುಪು, ಇವುಗಳ ಜೊತೆ ದಿನ ಕಳೆಯುವವಳಿಗೆ ಚಿಕ್ಕ ಅಕ್ಷರ ಎಂದರೆ ಏನೋ ಪ್ರೀತಿ. ಔಷಧಿಯ ಬಾಟಲಿ, ಬಸ್ ಟಿಕೆಟ್ಟಿನ ಹಿಂಭಾಗ, ಬೆಂಕಿಪೊಟ್ಟಣ, ಯಾವುದನ್ನೂ ಓದದೆ ಬಿಡುವವಳಲ್ಲ. ಗಂಡ ಹೊಸ ಫ್ಯಾನು ತಂದು ಚಾವಣಿಗೆ ಸಿಕ್ಕಿಸುವಷ್ಟರಲ್ಲಿ ಕೆಳಗಿನಿಂದ ಕೂಗು ಬರುತ್ತಿತ್ತು. "ರೀ, ಇಳಿಯಿರಿ ಕೆಳಗೆ. ಮೋಟಾರಿಗೆ ಗ್ಯಾರಂಟಿ ಇದೆ, ರೆಕ್ಕೆಗೆ ಇಲ್ಲ. ವಾಪಸ್ ಕೊಟ್ಟು ಬನ್ನಿ."

ಈ ಚಟವೇ ಅವಳನ್ನು ಒಂದು ವಿಚಿತ್ರ ಗುಂಪಿಗೆ ಸೇರಿಸಿತು.

ಅಂಗಡಿಯ ಕಂಪ್ಯೂಟರಿನಲ್ಲಿ ಗಿರಾಕಿಗಳ ಕಣ್ಣಿನ ನಂಬರುಗಳನ್ನೆಲ್ಲ ಹಿಡಿದಿಟ್ಟುಕೊಂಡಿದ್ದ ಒಂದು ಪ್ರೋಗ್ರಾಮ್ ಇತ್ತು. ಅದನ್ನು ಮಾಡಿದ ಕಂಪನಿ ಒಂದು ಬೆಳಿಗ್ಗೆ ಬಾಗಿಲು ಹಾಕಿತು. ಪ್ರೋಗ್ರಾಮೂ ಯಜಮಾನನ ಹಿಂದೆಯೇ ಬೀಗ ಜಡಿದುಕೊಂಡು ಕೂತುಬಿಟ್ಟಿತು. ಅರ್ಧ ಊರಿನ ಕಣ್ಣು ಒಳಗೆ, ಇವಳು ಹೊರಗೆ! ಆಗ ನೆರವಿಗೆ ಬಂದವನು ಅವಳ ತಮ್ಮ, ಪುಟ್ಟ ಮಕ್ಕಳ ಶಾಲೆಯಲ್ಲಿ ಕಂಪ್ಯೂಟರ್ ಮೇಷ್ಟ್ರು. ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಅವನು ಬೇರೊಂದು ಪ್ರೋಗ್ರಾಮ್ ಹಾಕಿಕೊಟ್ಟ.

"ಇದು ಮುಕ್ತ ತಂತ್ರಾಂಶ ಅಕ್ಕ. ಯಾರು ಬೇಕಾದ್ರೂ ಬಳಸಬಹುದು, ಬಿಚ್ಚಿ ನೋಡಬಹುದು, ತಿದ್ದಬಹುದು, ಹಂಚಬಹುದು. ಯಾರಪ್ಪನೂ ಬೀಗ ಹಾಕೋಕಾಗಲ್ಲ."

"ಹಾಗಂತ ಎಲ್ಲಿ ಬರೆದಿದೆ?"

ಅವನು ಅದರ ಜೊತೆ ಬಂದಿದ್ದ ಲೈಸೆನ್ಸ್, ಅಂದರೆ ಬಳಕೆಯ ಷರತ್ತುಗಳ ಪತ್ರ, ತೋರಿಸಿದ. ಮುಕ್ಕಾಲಿಯ ಮೇಲೆ ಕಾಯುತ್ತಿದ್ದ ಗಿರಾಕಿಯನ್ನು ಹಾಗೇ ಕೂರಿಸಿಕೊಂಡು ಅವಳು ಪೂರ್ತಿ ಓದಿದಳು. ಆಮೇಲೆ ತಲೆಯೆತ್ತಿ, "ಮೇಲೆ ಒಂದು ಕೈಯಲ್ಲಿ ಕೊಟ್ಟಿದ್ದನ್ನ ಕೆಳಗೆ ಇನ್ನೊಂದು ಕೈಯಲ್ಲಿ ಕಿತ್ಕೊಂಡಿದ್ದಾರಲ್ಲೋ!" ಎಂದಳು. ತಮ್ಮ ನಕ್ಕ. ಅವಳು ನಗಲಿಲ್ಲ, ಅದನ್ನು ಹಂಚುತ್ತಿದ್ದ ಸ್ವಯಂಸೇವಕರಿಗೆ ಒಂದು ಮೇಲ್ ಬರೆದಳು. ಅವರು ಒಂದು ವಾರ ತಮ್ಮತಮ್ಮಲ್ಲೇ ಕಿತ್ತಾಡಿ, ಕೊನೆಗೆ, "ನೀವು ಹೇಳಿದ್ದು ಸರಿ. ನಮ್ಮ ಜೊತೆ ಸೇರ್ಕೊಳ್ತೀರಾ?" ಎಂದು ಕೇಳಿದರು.

ಈ ಜನ ಯಾರು ಎಂದು ಹೇಳಿಬಿಡಬೇಕು. ಲೋಕದಲ್ಲಿ ಎಲ್ಲೆಲ್ಲೋ ಕೂತವರು, ಒಬ್ಬರ ಮುಖ ಒಬ್ಬರು ಕಂಡವರಲ್ಲ, ಯಾರೂ ಸಂಬಳಕ್ಕಿಲ್ಲ. ಎಲ್ಲರೂ ಸೇರಿ ಪ್ರೋಗ್ರಾಮುಗಳ ಒಂದು ದೊಡ್ಡ ಭಂಡಾರ ನಡೆಸುತ್ತಿದ್ದರು. ಅದರಿಂದ ಯಾರು ಏನು ಬೇಕಾದರೂ ಕೊಂಡೊಯ್ಯಬಹುದು. ಆದರೆ ಭಂಡಾರದೊಳಗೆ ಬರಬೇಕಾದ ಪ್ರೋಗ್ರಾಮಿನ ಲೈಸೆನ್ಸು ನಿಜಕ್ಕೂ ಮುಕ್ತವೋ ಅಲ್ಲವೋ ಎಂದು ಮೊದಲು ಒಂದು ಸಣ್ಣ ಬಳಗ ಓದಿ ಹೇಳಬೇಕು. ಅಲ್ಲಿ ಕೈ ಎತ್ತುವುದಿಲ್ಲ, ವೋಟಿಲ್ಲ. ವಾದ ಮಾಡಿ, ಮಾಡಿ, ಯಾರಿಗೂ ಹೊಸದಾಗಿ ಹೇಳಲು ಏನೂ ಉಳಿಯದಿದ್ದಾಗ, ಯಾರ ಸರದಿಯೋ ಅವರು ತೀರ್ಪು ಬರೆಯುವುದು. ಅಷ್ಟೆ. ಅವಳು ಸೇರಿದ ತಿಂಗಳಲ್ಲೇ ಬಳಗ ಅವಳಿಗೆ ‘ಭೂತಗನ್ನಡಿ’ ಎಂದು ಹೆಸರಿಟ್ಟಿತು. ಅವಳಿಗೆ ಬೇಸರವೇನೂ ಆಗಲಿಲ್ಲ, ಅಂಗಡಿಯ ಗಿರಾಕಿಗಳು ಅದಕ್ಕಿಂತ ಕೆಟ್ಟ ಹೆಸರುಗಳನ್ನು ಇಟ್ಟಿದ್ದರು.

ಲೈಸೆನ್ಸುಗಳಲ್ಲಿ ಎಂತೆಂಥ ಷರತ್ತುಗಳು ಬರುತ್ತಿದ್ದವು ಗೊತ್ತೇ? ಒಬ್ಬ, ‘ಇದನ್ನು ಬಳಸುವವರು ವಾರಕ್ಕೊಮ್ಮೆ ತಾಯಿಗೆ ಫೋನ್ ಮಾಡಲೇಬೇಕು’ ಎಂದು ಬರೆದಿದ್ದ. ಬಳಗದ ಅರ್ಧ ಮಂದಿ ಕಣ್ಣೊರೆಸಿಕೊಂಡು, "ಎಷ್ಟು ಒಳ್ಳೆಯ ಹುಡುಗ" ಎಂದರು. ಭೂತಗನ್ನಡಿ ಬರೆದಳು: "ತಾಯಿ ಇಲ್ಲದವರು ಏನು ಮಾಡಬೇಕು? ಕೇಳಿಕೊಳ್ಳಲಿ, ಕಟ್ಟಿಹಾಕೋದು ಬೇಡ. ವಿನಂತಿ ಆದರೆ ಇರಲಿ, ಷರತ್ತು ಆದರೆ ಮುಕ್ತ ಅಲ್ಲ." ಅವನು ‘ಮಾಡಲೇಬೇಕು’ ಎಂಬುದನ್ನು ‘ದಯವಿಟ್ಟು ಮಾಡಿ’ ಎಂದು ತಿದ್ದಿದ, ಪ್ರೋಗ್ರಾಮ್ ಒಳಗೆ ಬಂತು. ಬಳಗದಲ್ಲಿ ಅಂದಿನಿಂದ ಅದೇ ರೂಢಿಯಾಯಿತು.

ಇನ್ನೊಂದು ರೂಢಿಯೂ ಅವಳದೇ. ಹೆಸರು ‘ಆಗದವನ ಪರೀಕ್ಷೆ’. ಲೈಸೆನ್ಸ್ ಬರೆದವನಿಗೆ ಕಂಡರೆ ಆಗದವನು ಯಾರೋ ಒಬ್ಬ ಇದ್ದಾನೆ ಎಂದುಕೊಳ್ಳಿ. ಅವನ ಕುರ್ಚಿಯಲ್ಲಿ ನೀವು ಕೂತು ಓದಿ. ಏನು ಸಿಗುತ್ತದೆ, ಏನು ಕಳೆದುಹೋಗುತ್ತದೆ ಎಂದು ಅವನ ಪರವಾಗಿ ಕೇಳಿ. ನೆಂಟರಿಗಷ್ಟೇ ಕೊಟ್ಟರೆ ಅದು ಉಡುಗೊರೆ, ಆಗದವನಿಗೂ ಕೊಟ್ಟರೆ ಮಾತ್ರ ಮುಕ್ತ. ಈ ಮಾತು ಬರೆದ ದಿನ ಅವಳಿಗೆ ತನ್ನ ಮೇಲೆ ಬಹಳ ಅಭಿಮಾನ ಉಕ್ಕಿತ್ತು. ಆಗದವನು ಎಲ್ಲೋ ದೂರದಲ್ಲಿರುತ್ತಾನೆ ಎಂದು ಪಾಪ ಅವಳು ತಿಳಿದಿದ್ದಳು.

ಇನ್ನು ಮನೆಯ ಕಥೆ. ಗಂಡನಿಗೆ ಅದೇ ಬೀದಿಯ ತುದಿಯಲ್ಲಿ ಹೇರ್ ಕಟಿಂಗ್ ಅಂಗಡಿ. ಮಾತಿನ ಮಲ್ಲ. ಅವನ ಕತ್ತರಿಗಿಂತ ನಾಲಿಗೆಯೇ ಚೂಪು ಎನ್ನುತ್ತಿದ್ದರು, ಆದರೂ ಜನ ಅವನ ಕುರ್ಚಿಯನ್ನೇ ಹುಡುಕಿಕೊಂಡು ಬರುತ್ತಿದ್ದರು. ಭಾವ, ಬಾಮೈದ ಇಬ್ಬರೂ ಗಳಸ್ಯ ಕಂಠಸ್ಯ. ಅದು ಹಾಳಾದದ್ದು ಒಂದು ಹುಬ್ಬಿನಿಂದ. ಶಾಲೆಯ ಗುಂಪು ಫೋಟೋ ತೆಗೆಯುವ ದಿನ ಬೆಳಿಗ್ಗೆ ಮೇಷ್ಟ್ರು ಭಾವನ ಕುರ್ಚಿಯಲ್ಲಿ ಕೂತು, "ಸ್ವಲ್ಪ ನೀಟಾಗಿ ಮಾಡಿ ಭಾವ" ಎಂದ. ಕಿವಿಯ ಪಕ್ಕದಿಂದ ಮೇಲಕ್ಕೆ ಬಂದ ಮೆಷಿನ್ನು ನಿಲ್ಲಬೇಕಾದಲ್ಲಿ ನಿಲ್ಲದೆ, ಎಡಹುಬ್ಬನ್ನು ಗುಡಿಸಿಕೊಂಡು ಹೋಯಿತು. ಭಾವ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯೋ ಬಿಡೋ, ಬೆಳೆಯುತ್ತೆ. ಅದೇನು ಕಿವಿಯೇ?"

ಸಿಟ್ಟಿನಲ್ಲಿ ಕೊಯ್ದ ಮೂಗು ಮತ್ತೆ ಬರುವುದಿಲ್ಲ ಎನ್ನುತ್ತಾರೆ. ಹುಬ್ಬು ಬಂತು. ಆದರೆ ಫೋಟೋ ಬೆಳೆಯುತ್ತದೆಯೇ? ಅದು ದೊಡ್ಡ ಚೌಕಟ್ಟಿನಲ್ಲಿ ಶಾಲೆಯ ಪಡಸಾಲೆಯಲ್ಲಿ ನೇತಾಡಿತು. ಮಕ್ಕಳು ಅವನಿಗೆ ‘ಒಂಟಿಹುಬ್ಬಿನ ಮೇಷ್ಟ್ರು’ ಎಂದು ಹೆಸರಿಟ್ಟರು. ಭಾವ ಒಂದೇ ಒಂದು ಸಲ ‘ತಪ್ಪಾಯ್ತು’ ಎಂದಿದ್ದರೆ ಮುಗಿಯುತ್ತಿತ್ತು. ಅನ್ನಲಿಲ್ಲ. ಬದಲಿಗೆ ಬಂದಬಂದವರ ಮುಂದೆ ಅದನ್ನೇ ತಮಾಷೆ ಮಾಡಿದ. ಮೇಷ್ಟ್ರು ಅಕ್ಕನ ಮನೆಗೆ ಕಾಲಿಡುವುದನ್ನು ನಿಲ್ಲಿಸಿದ. ಶಾಲೆ ಬಿಟ್ಟ ಮೇಲೆ ಅಕ್ಕನ ಅಂಗಡಿಗೆ ಮಾತ್ರ ದಿನಾ ಬರುತ್ತಿದ್ದ. ಮುಕ್ಕಾಲಿಯ ಮೇಲೆ ಕೂತು ಟೀ ಕುಡಿಯುತ್ತ, ಸಡಿಲವಾದ ಫ್ರೇಮುಗಳ ತಿರುಪು ಬಿಗಿ ಮಾಡುತ್ತ, ಲೋಕದ ಸುದ್ದಿಯೆಲ್ಲ ಮಾತಾಡಿ ಹೋಗುತ್ತಿದ್ದ. ಅವಳ ಇಡೀ ದಿನದಲ್ಲಿ ಅವಳು ಕಾಯುತ್ತಿದ್ದದ್ದು ಅದೊಂದು ಹೊತ್ತಿಗೆ.

ಹೀಗೆ ಬಂದವನು ಒಂದು ದಿನ ಅವಳಿಗೆ ತಾನು ಬರೆದ ಪ್ರೋಗ್ರಾಮ್ ತೋರಿಸಿದ. ಅಕ್ಷರ ಬಾರದ ಪುಟ್ಟ ಮಕ್ಕಳ ಕಣ್ಣು ಪರೀಕ್ಷೆಗೆಂದು ಮಾಡಿದ್ದು. ಪರದೆಯ ಮೇಲೆ ಕೊಡೆ, ಬೆಕ್ಕು, ಕೀಲಿಕೈ, ಮೀನು, ಚಿತ್ರಗಳು ಸಾಲುಸಾಲಾಗಿ ಚಿಕ್ಕದಾಗುತ್ತ ಹೋಗುತ್ತವೆ. ಪ್ರತಿ ಸಲವೂ ಚಿತ್ರಗಳ ಸಾಲು ಬದಲಾಗುತ್ತದೆ, ಪಕ್ಕದವನದು ಕೇಳಿ ಒಪ್ಪಿಸಲು ಆಗುವುದಿಲ್ಲ. ಎಂಥ ಹಳೆಯ ಕಂಪ್ಯೂಟರಿನಲ್ಲೂ ಓಡುತ್ತದೆ. ಭೂತಗನ್ನಡಿ ಹಿಗ್ಗಿ ಹೀರೇಕಾಯಿಯಾದಳು. "ಭಂಡಾರಕ್ಕೆ ಕಳಿಸೋ! ಎಷ್ಟು ಶಾಲೆಗೆ ಸಿಗುತ್ತೆ!"

"ಕಳಿಸಿದೀನಿ. ಸರದಿ ಪ್ರಕಾರ ನಿನಗೇ ಬರುತ್ತೆ" ಎಂದು ಅವನು ತಣ್ಣಗೆ ಹೇಳಿ, ಟೀ ಲೋಟ ಇಟ್ಟು ಎದ್ದುಹೋದ. ಆ ತಣ್ಣನೆಯ ದನಿ ಕೇಳಿಯೇ ಅವಳು ಎಚ್ಚೆತ್ತುಕೊಳ್ಳಬೇಕಿತ್ತು.

ಮರುದಿನ ಲೈಸೆನ್ಸ್ ಬಂತು. ‘ಈ ಪ್ರೋಗ್ರಾಮನ್ನು ಯಾರು ಬೇಕಾದರೂ, ಯಾವ ಕೆಲಸಕ್ಕೆ ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು, ನನ್ನ ಭಾವನೊಬ್ಬನನ್ನು ಬಿಟ್ಟು. ಭಾವ ಎಂದರೆ ನನ್ನ ಅಕ್ಕನ ಗಂಡ. ಅವರು ಇದನ್ನು ಬಳಸಕೂಡದು. ಬೇರೆಯವರು ಬಳಸುವಾಗ ಪಕ್ಕದಲ್ಲಿ ನಿಂತು ಇಣುಕಲೂ ಕೂಡದು.’

ಅವಳು ತಲೆ ಚಚ್ಚಿಕೊಂಡಳು.

ಬಳಗಕ್ಕೆ ಅವಳ ಮನೆಯ ಸಂಗತಿ ಗೊತ್ತಿಲ್ಲ. ಗೊತ್ತಿಲ್ಲದವರಿಗೆ ಇದೊಂದು ಸೊಗಸಾದ ಸಮಸ್ಯೆಯಾಗಿ ಕಂಡಿತು. "ಕೋಟ್ಯಂತರ ಜನರಲ್ಲಿ ಒಬ್ಬನೇ ಹೊರಗೆ. ಹೋದರೆ ಹೋಗಲಿ ಬಿಡಿ" ಎಂದು ಒಬ್ಬರು ಬರೆದರು. ಆಗ ಆದರೆರಾಯ ಎದ್ದ. ಅವನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಪ್ರತಿ ಮೇಲನ್ನೂ ‘ಆದರೆ’ ಎಂದೇ ಶುರು ಮಾಡುವ ಮಹಾನುಭಾವ. ಯಾರೋ ಒಮ್ಮೆ ‘ಶುಭೋದಯ’ ಎಂದದ್ದಕ್ಕೆ ‘ಆದರೆ ನಮ್ಮಲ್ಲಿ ಈಗ ಸಂಜೆ’ ಎಂದು ಉತ್ತರ ಕೊಟ್ಟವನು. ಅವನು ಬರೆದ: "ಆದರೆ, ಭಾವ ಅನ್ನೋದು ಒಬ್ಬ ಮನುಷ್ಯನೋ, ಒಂದು ಹುದ್ದೆಯೋ? ಆ ಅಕ್ಕ ನಾಳೆ ಈ ಗಂಡನನ್ನು ಬಿಟ್ಟು ಇನ್ನೊಬ್ಬನನ್ನು ಕಟ್ಟಿಕೊಂಡರೆ, ಈ ನಿಷೇಧ ಹಳೇ ಗಂಡನ ಜೊತೆಗೇ ಹೋಗುತ್ತೋ, ಹೊಸ ಗಂಡನಿಗೆ ಅಂಟಿಕೊಳ್ಳುತ್ತೋ?"

ಬಳಗಕ್ಕೆ ಹಬ್ಬವೋ ಹಬ್ಬ. ನಿಷೇಧ ಹಳೇ ಗಂಡನಿಗೆ ಎಂದು ಕೆಲವರು, ಹೊಸಬನಿಗೆ ಎಂದು ಕೆಲವರು, ಇಬ್ಬರಿಗೂ ಎಂದು ಮತ್ತೆ ಕೆಲವರು. ಅಕ್ಕ ಯಾರನ್ನೂ ಕಟ್ಟಿಕೊಳ್ಳದೆ ಒಬ್ಬಳೇ ಇದ್ದುಬಿಟ್ಟರೆ ಲೈಸೆನ್ಸ್ ತಾನಾಗಿಯೇ ಮುಕ್ತವಾಗುತ್ತದೆ ಎಂದು ಒಬ್ಬರು ಕಂಡುಹಿಡಿದರು. ಆದರೆರಾಯ ಅದಕ್ಕೆ ಕಳಶವಿಟ್ಟ. "ಆದರೆ, ನಾನು ಕೇಳಿದ್ದಕ್ಕೆ ಬರೆದವರು ಷರತ್ತು ಬಿಡಲ್ಲ ಅಂತ ಉತ್ತರ ಕೊಟ್ಟಿದ್ದಾರೆ. ಹಾಗಿದ್ದರೆ ಆ ಅಕ್ಕನನ್ನೇ ವಿಚಾರಿಸಿ ನೋಡಬಹುದಲ್ಲ? ಒಂದು ಡೈವೋರ್ಸಿನಿಂದ ಎಷ್ಟು ಮಕ್ಕಳಿಗೆ ಉಪಕಾರ!"

ಭೂತಗನ್ನಡಿ ಇದನ್ನು ಓದಿದ್ದು ಮಧ್ಯಾಹ್ನ ಊಟದ ಹೊತ್ತಿಗೆ, ಅಂಗಡಿಯಲ್ಲಿ. ಡೈವೋರ್ಸ್ ಆಗಬೇಕಾದ ಗಂಡ ಎದುರಿನ ಮುಕ್ಕಾಲಿಯ ಮೇಲೆ ಕೂತು ಡಬ್ಬಿಯ ಮುಚ್ಚಳ ನೆಕ್ಕುತ್ತಿದ್ದ. ಅವಳಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಎಲ್ಲವನ್ನೂ ಅವನಿಗೆ ಓದಿ ಹೇಳಿದಳು. ಅವನು ಕೂಗಾಡುತ್ತಾನೆ ಎಂದುಕೊಂಡಿದ್ದಳು. ಅವನ ಮುಖ ಅರಳಿತು.

"ಒಳ್ಳೇದೇ ಆಯ್ತಲ್ಲೇ. ಪಾಸ್ ಮಾಡಿಬಿಡು. ಮಕ್ಕಳಾಟದ ಬೊಂಬೆ ನೋಡೋಕೆ ನನಗೇನು ಬೇರೆ ಕೆಲಸ ಇಲ್ವಾ?"

"ಲೋಕಕ್ಕೆಲ್ಲ ಕೊಟ್ಟು ನಿಮ್ಮೊಬ್ಬರಿಗೆ ಇಲ್ಲ ಅಂದಿದ್ದಾನೆ. ನಿಮಗೆ ಏನೂ ಅನಿಸಲ್ವಾ?"

"ಏನೂ ಅನಿಸಲ್ಲ. ದೊಡ್ಡ ಮನಸ್ಸು ಮಾಡೇ. ಪಾಸ್ ಮಾಡು, ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

ಸಂಜೆ ತಮ್ಮ ಬಂದ. ಅವನು ಕೂರಲಿಲ್ಲ. "ನೋಡು ಅಕ್ಕ, ಆ ಸಾಲು ನಾನು ತೆಗೆಯಲ್ಲ. ನೀನು ಮುಕ್ತ ಅಲ್ಲ ಅಂತ ಬರೆದ್ರೆ, ನೀನೂ ಅವರ ಕಡೆಯವಳೇ ಅಂತ ತಿಳ್ಕೋತೀನಿ. ಮತ್ತೆ ಈ ಅಂಗಡಿ ಮೆಟ್ಟಿಲು ಹತ್ತಲ್ಲ."

"ಏನೋ ಇದು, ಸಣ್ಣ ಮಕ್ಕಳ ಹಾಗೆ."

"ನೀನೇ ಅಲ್ವಾ ದೊಡ್ಡ ನ್ಯಾಯವಾದಿ? ಬರಿ ನೋಡೋಣ."

ಅತ್ತ ದರಿ, ಇತ್ತ ಹುಲಿ. ಮುಕ್ತ ಎಂದು ಒಂದು ಸುಳ್ಳು ಬರೆದರೆ ಸಾಕು. ತಮ್ಮ ಉಳಿಯುತ್ತಾನೆ, ಗಂಡ ಖುಷಿಯಾಗುತ್ತಾನೆ, ಶಾಲೆಗಳಿಗೂ ಸಿಗುತ್ತದೆ. ಆದರೆ ನಾಳೆ ಇನ್ನೊಬ್ಬ ಬಂದು, ‘ನನ್ನ ನೆರೆಮನೆಯವನನ್ನು ಬಿಟ್ಟು’ ಎನ್ನುತ್ತಾನೆ. ನಾಡಿದ್ದು ಮತ್ತೊಬ್ಬ, ‘ಆ ಬೀದಿಯವರನ್ನೆಲ್ಲ ಬಿಟ್ಟು’ ಎನ್ನುತ್ತಾನೆ. ಅವರಿಗೆಲ್ಲ ಇವಳು ಯಾವ ಮುಖ ಇಟ್ಟುಕೊಂಡು ಇಲ್ಲ ಎಂದಾಳು? ತಾನೇ ಬರೆದ ಪರೀಕ್ಷೆ ತನ್ನ ಕುತ್ತಿಗೆಗೇ ಬಂದಿತ್ತು. ಅವಳು ಎರಡು ದಿನ ಯಾರ ಜೊತೆಯೂ ನೆಟ್ಟಗೆ ಮಾತಾಡಲಿಲ್ಲ. ಓದುವ ಕನ್ನಡಕ ಕೇಳಿದ ಮುದುಕರೊಬ್ಬರಿಗೆ ತಂಪು ಕನ್ನಡಕ ಕೊಟ್ಟು ಕಳಿಸಿದಳು. ಮೂರನೆಯ ದಿನ ಬಳಗಕ್ಕೆ ಬರೆದಳು.

"ಈ ಲೈಸೆನ್ಸಿನಲ್ಲಿರುವ ಅಕ್ಕ ನಾನು. ಭಾವ ನನ್ನ ಗಂಡ. ಮೊದಲ ದಿನವೇ ಹೇಳಬೇಕಿತ್ತು, ಹೇಳಲಿಲ್ಲ, ತಪ್ಪಾಯಿತು. ನನಗೆ ಸದ್ಯಕ್ಕೆ ಡೈವೋರ್ಸಿನ ಯೋಚನೆ ಇಲ್ಲ. ತೀರ್ಪನ್ನು ಬೇರೆ ಯಾರಾದರೂ ಬರೆಯಿರಿ. ಆದರೆ ನನ್ನ ಅಭಿಪ್ರಾಯ ಕೇಳಿದರೆ, ಒಬ್ಬನನ್ನು ಬಿಟ್ಟರೂ ಬಿಟ್ಟಂತೆಯೇ. ಇದು ಮುಕ್ತ ಅಲ್ಲ."

ಆಮೇಲೆ ಆದರೆರಾಯನ ಮೇಲ್ ಬಂತು, ಅವನ ಬಾಳಿನಲ್ಲೇ ಮೊದಲ ಬಾರಿಗೆ ‘ಆದರೆ’ ಇಲ್ಲದೆ. "ಕ್ಷಮಿಸಿ ತಾಯಿ. ನೀವು ಹೇಳಿದ್ದೇ ತೀರ್ಪು ಅಂತ ನಾನು ಬರೀತೀನಿ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬಂತು. "ಆದರೆ, ‘ಸದ್ಯಕ್ಕೆ’ ಅಂದ್ರಲ್ಲ?"

ತಮ್ಮ ಅಂದು ಸಂಜೆ ಬರಲಿಲ್ಲ. ಮರುದಿನವೂ ಇಲ್ಲ. ಅವಳು ರೂಢಿಯಂತೆ ಎರಡು ಟೀ ತರಿಸಿ, ಎರಡನ್ನೂ ತಾನೇ ಕುಡಿದಳು. ಸಡಿಲವಾದ ಫ್ರೇಮುಗಳು ತಟ್ಟೆಯಲ್ಲಿ ರಾಶಿಬಿದ್ದವು. ಬಿಗಿ ಮಾಡಲು ಅವಳಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಮಾಡಲು ಮನಸ್ಸು ಬರಲಿಲ್ಲ. ಬೀದಿಯಲ್ಲಿ ಅವನ ಸೈಕಲ್ಲಿನಂಥ ಗಂಟೆ ಕೇಳಿದಾಗಲೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದಳು, ಯಾರೋ ಹಾಲಿನವನು.

ಹೀಗೆ ಕೂತಿರುವಾಗ ಅವಳ ತಲೆಯೊಳಗೆ ಒಂದು ಹುಳು ಹೊಕ್ಕಿತು. ತಾನು ತೀರ್ಪು ಹೇಳಿದ್ದು ಸರಿ, ಆದರೆ ಪರೀಕ್ಷೆಯನ್ನು ಪೂರ್ತಿ ಮಾಡಲಿಲ್ಲವಲ್ಲ! ಆಗದವನ ಕುರ್ಚಿಯಲ್ಲಿ ಕೂತು ಓದಬೇಕು, ಅವನಿಗೆ ಏನು ಕಳೆದುಹೋಗುತ್ತದೆ ಎಂದು ಕೇಳಬೇಕು. ಇಲ್ಲಿ ಆಗದವನು ಯಾರು? ತನ್ನ ಗಂಡ. ಅವನಿಗೆ ಏನು ಕಳೆದುಹೋಗುತ್ತದೆ? ಒಂದು ಕಣ್ಣು ಪರೀಕ್ಷೆ. ಅದಕ್ಕೆ ಅವನು ಏನೆಂದ? ಒಳ್ಳೇದೇ ಆಯ್ತು ಎಂದ. ತರಕಾರಿಯವನು ಒಂದು ಬಾಡಿದ ಕ್ಯಾರೆಟ್ ಹಾಕಿದರೆ ಬೀದಿ ಒಂದಾಗುವಂತೆ ಜಗಳವಾಡುವ ಮನುಷ್ಯ, ಲೋಕದಲ್ಲಿ ತನ್ನೊಬ್ಬನನ್ನೇ ಹೊರಗಿಟ್ಟರೆ ದೊಡ್ಡ ಮನಸ್ಸು ಮಾಡು ಎನ್ನುತ್ತಾನೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವುದನ್ನು ಅವಳು ಕೇಳಿದ್ದಳು. ಇವನು ಹೆಗಲನ್ನೇ ಒರೆಸಿಕೊಂಡಿದ್ದ.

ಅವಳು ಎದ್ದು, ಗೋಡೆಯ ಅಕ್ಷರಫಲಕವನ್ನು ತೆಗೆದಳು. ಆ ಜಾಗದಲ್ಲಿ ಫ್ರೇಮ್ ಕಂಪನಿಯವರು ಕೊಟ್ಟಿದ್ದ ಒಂದು ಪೋಸ್ಟರ್ ನೇತುಹಾಕಿದಳು. ಬಿಳಿಯ ಹಾಳೆ, ನಡುವೆ ತಂಪು ಕನ್ನಡಕ ಹಾಕಿಕೊಂಡು ನಗುವ ಒಬ್ಬ ಹೆಂಗಸು. ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಗಂಡ ಬಂದ.

"ಊಟ ಆಮೇಲೆ. ಈ ವರ್ಷ ನಿಮ್ಮ ಕಣ್ಣು ನೋಡಿಲ್ಲ. ಕೂತ್ಕೊಳ್ಳಿ."

"ಪ್ರತಿ ವರ್ಷ ಇದೊಂದು ನಿನ್ನ ಪೂಜೆ" ಎಂದು ಗೊಣಗುತ್ತ ಅವನು ಕೂತ. ಒಂದು ಅಂಗೈಯಿಂದ ಎಡಗಣ್ಣು ಮುಚ್ಚಿ, ಗಂಟಲು ಸರಿಮಾಡಿಕೊಂಡು ಶುರುಮಾಡಿದ. "ಮೇಲೆ ದೊಡ್ಡ ಗ. ಅದರ ಕೆಳಗೆ ರ, ಠ. ಆಮೇಲೆ ಪ, ವ, ಮ." ಒಂದು ಕಡೆಯೂ ತಡವರಿಸಲಿಲ್ಲ. ಕೊನೆಯ ಸಾಲಿಗೆ ಬಂದಾಗ ಮಾತ್ರ ಕಣ್ಣು ಕಿರಿದು ಮಾಡಿ, ಕುತ್ತಿಗೆ ಮುಂದೆ ಚಾಚಿ ಒಳ್ಳೆಯ ನಾಟಕವಾಡಿದ. "ಅದು... ದ ಇರಬೇಕು... ಅಲ್ಲಲ್ಲ, ಧ. ಹೌದು, ಧ. ಏನೇ, ಸರಿ ತಾನೆ?"

"ಸರಿ. ಆ ಧ ಪಕ್ಕದಲ್ಲಿ ಇನ್ನೇನಿದೆ?"

"ಇನ್ನೇನು? ಏನೂ ಇಲ್ಲ."

"ಒಬ್ಬಳು ಹೆಂಗಸಿದ್ದಾಳೆ ರೀ. ನಿಮ್ಮನ್ನೇ ನೋಡಿ ಹಲ್ಲು ಕಿರೀತಾ ಇದ್ದಾಳೆ."

ಅವನ ಕೈ ಕಣ್ಣಿನ ಮೇಲಿಂದ ಇಳಿಯಿತು. ಎದ್ದು, ಗೋಡೆಯ ಹತ್ತಿರ ಹೋಗಿ, ಮೂಗು ತಾಗುವಷ್ಟು ಬಾಗಿ ನೋಡಿದ. ಇಷ್ಟು ವರ್ಷ ಅಲ್ಲೇ ಕೂತು ಊಟಮಾಡಿ ಮಾಡಿ ಫಲಕವನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದ ಭೂಪ!

ಅವಳು ಟಾರ್ಚ್ ಹಿಡಿದು ನೋಡಿದಳು. ಎರಡು ಕಣ್ಣಿಗೂ ಪೊರೆ. ದೀಪದ ಕೆಳಗೆ ಕತ್ತಲೆ ಎಂಬ ಗಾದೆ ಯಾರ ಮನೆಯಲ್ಲಿ ಹುಟ್ಟಿತೋ, ಅಂದು ಮಾತ್ರ ಅವಳ ಅಂಗಡಿಗೇ ಬಂದು ಕೂತಿತ್ತು. ಊರ ಕಣ್ಣೆಲ್ಲ ನೋಡಿದೆ, ದಿನಾ ಎದುರಿಗೆ ಕೂತು ಉಣ್ಣುವವನ ಕಣ್ಣಿನ ಪೊರೆ ಕಾಣಲಿಲ್ಲವಲ್ಲ ಎಂದು ಅವಳಿಗೆ ಅಳು ಒತ್ತಿಬಂತು. ಅತ್ತಳು ಕೂಡ. "ಯಾಕ್ರೀ ಹೇಳಲಿಲ್ಲ?"

"ಯಾರಿಗೆ ಹೇಳಲಿ? ಕಣ್ಣು ಮಂಜಾದವನ ಕೈಗೆ ಯಾರು ಕುತ್ತಿಗೆ ಕೊಡ್ತಾರೆ?" ಎಂದ ಗಂಡ. "ಅವತ್ತು ಅವನ ಹುಬ್ಬು ಎಲ್ಲಿ ಶುರುವಾಗುತ್ತೆ ಅನ್ನೋದೇ ಕಾಣಲಿಲ್ಲ ಕಣೇ. ಎದೆ ಧಸಕ್ಕಂತು. ಏನು ಮಾಡಬೇಕು ಗೊತ್ತಾಗದೆ ನಕ್ಕುಬಿಟ್ಟೆ. ಆಮೇಲೆ ನಗೋದು ನಿಲ್ಲಿಸಿದ್ರೆ ಎಲ್ಲರಿಗೂ ಗೊತ್ತಾಗುತ್ತೆ ಅನ್ನಿಸ್ತು. ಅವತ್ತಿಂದ ಕತ್ತಿ ಮುಟ್ಟಿಲ್ಲ. ಶೇವಿಂಗ್ ಎಲ್ಲ ಕೆಲಸದವನೇ ಮಾಡ್ತಾನೆ. ನೀನು ಯಾರಿಗೂ ಹೇಳಬೇಡ, ನನ್ನಾಣೆ."

ಅವಳು ಕಣ್ಣೊರೆಸಿಕೊಂಡಳು. ಒರೆಸಿಕೊಳ್ಳುತ್ತಲೇ ಅವಳ ತಲೆ ಓಡಿತು. "ಆಯ್ತು, ನಾನು ಹೇಳಲ್ಲ. ಆದರೆ ದೊಡ್ಡ ಡಾಕ್ಟರ ಹತ್ತಿರ ಹೋಗೋ ಮೊದಲು ಎಷ್ಟು ಕಾಣುತ್ತೆ ಅಂತ ಸರಿಯಾಗಿ ಅಳೀಬೇಕು. ನನ್ನ ಫಲಕವನ್ನ ನೀವು ತಿಂದು ನೀರು ಕುಡಿದಿದ್ದೀರಿ. ಪ್ರತಿ ಸಲ ಬದಲಾಗೋ ಪರೀಕ್ಷೆ ಬೇಕು. ಅಂಥದ್ದು ಇರೋದು ಒಬ್ಬನ ಹತ್ತಿರ."

"ಅವನ ಪ್ರೋಗ್ರಾಮ್ ನಿನ್ನ ಕಂಪ್ಯೂಟರ್‌ನಲ್ಲೇ ಇದೆಯಲ್ಲೇ. ತೆಗಿ."

"ನೀವು ಪಕ್ಕದಲ್ಲಿ ನಿಂತು ಇಣುಕೋ ಹಾಗೂ ಇಲ್ಲ. ಲೈಸೆನ್ಸ್ ಅಂದ್ರೆ ಲೈಸೆನ್ಸ್. ಬೇಕಿದ್ರೆ ಬರೆದವನ ಹತ್ತಿರ ಹೋಗಿ ಅನುಮತಿ ಕೇಳಿ."

ಮೇಜಿನ ಖಾನೆಯಲ್ಲಿ ಬೇರೆ ಬೇರೆ ಅಕ್ಷರಗಳ ಇನ್ನೂ ನಾಲ್ಕಾರು ಫಲಕಗಳು ಸುತ್ತಿಟ್ಟಿದ್ದವು. ಅವನಿಗೆ ಅದು ಗೊತ್ತಿಲ್ಲ. ಆ ಮಾತು ನಮ್ಮನಮ್ಮಲ್ಲೇ ಇರಲಿ.

ಸಂಜೆ ಇಬ್ಬರೂ ಮೇಷ್ಟ್ರ ಮನೆಗೆ ಹೋದರು. ಮೂರನೆಯ ಮಹಡಿಯ ಪುಟ್ಟ ಮನೆ. ಅವಳು ಮೆಟ್ಟಿಲ ತಿರುವಿನಲ್ಲೇ ನಿಂತಳು. ಗಂಡ ಕಂಬಿ ಸವರಿಕೊಂಡು ಒಂದೊಂದೇ ಮೆಟ್ಟಿಲು ತಡಕುತ್ತ ಹತ್ತುವುದನ್ನು ಅವಳು ಅಂದು ಮೊದಲ ಸಲ ಗಮನಿಸಿದಳು. ಬಾಗಿಲು ತೆರೆಯಿತು.

"ಏನು ಬಂದ್ರಿ?" ತಮ್ಮನ ದನಿ ಮರಗಟ್ಟಿದಂತಿತ್ತು.

"ನಿನ್ನ ಪ್ರೋಗ್ರಾಮ್ ನೋಡೋಕೆ ಅನುಮತಿ ಬೇಕಿತ್ತು."

"ಯಾಕೆ? ಇನ್ನೊಂದು ಸಲ ತಮಾಷೆ ಮಾಡೋಕಾ?"

"ಅಲ್ಲ ಕಣೋ. ನನಗೆ ಕಣ್ಣು ಕಾಣ್ತಿಲ್ಲ. ಅವತ್ತೂ ಕಾಣಿಸಲಿಲ್ಲ." ಗಂಡ ಹೆಗಲ ಮೇಲಿನ ಟವಲಿನ ತುದಿ ಹಿಡಿದು ತಿರುಚಿದ. "ಹೆದರಿಕೊಂಡು ನಕ್ಕೆ."

ಕೆಳಗಿನ ಮನೆಯಲ್ಲಿ ಕುಕ್ಕರ್ ಕೂಗಿತು. ಆಮೇಲೆ ತಮ್ಮ, "ಒಳಗೆ ಬನ್ನಿ ಭಾವ, ನೋಡ್ಕೊಂಡು, ಹೊಸ್ತಿಲಿದೆ" ಎಂದು ಅವನ ಮೊಣಕೈ ಹಿಡಿದ. ಕಂಪ್ಯೂಟರ್ ಮುಂದೆ ಕುರ್ಚಿ ಎಳೆದ. ಅಷ್ಟರಲ್ಲಿ ಮೆಟ್ಟಿಲ ತಿರುವಿನಿಂದ ಒಂದು ದನಿ ಕೇಳಿತು.

"ಮೊದಲು ಆ ಸಾಲು ಅಳಿಸೋ. ಆಮೇಲೆ ಕೂರಿಸು."

"ಇವಳು ಸತ್ರೂ ಬಿಡಲ್ಲ" ಎಂದರು ಇಬ್ಬರೂ ಒಟ್ಟಿಗೆ. ಎಷ್ಟೋ ತಿಂಗಳ ಮೇಲೆ ಅವರಿಬ್ಬರು ಒಪ್ಪಿದ ಮೊದಲ ಮಾತು ಅದು.

ಸಾಲು ಅಳಿಸಿದ ಮೇಲೆ ಭಾವ ಕೂತ. ಕೊಡೆಯನ್ನು ಅಣಬೆ ಎಂದ, ಬೆಕ್ಕನ್ನು ಟೀ ಕೆಟಲ್ ಎಂದ, ಮೀನನ್ನು ಚಪ್ಪಲಿ ಎಂದ. ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಅದು ಬರೀ ನಗುವಿನ ನೀರಾಗಿರಲಿಲ್ಲ. "ಭಾವ, ಇಂಥ ಕಣ್ಣಿಟ್ಕೊಂಡು ನೀವು ನನಗೆ ಒಂದು ಹುಬ್ಬನ್ನಾದ್ರೂ ಉಳಿಸಿದ್ರಲ್ಲ, ಅದೇ ಪುಣ್ಯ!"

ಬಳಗಕ್ಕೆ ಹೊಸ ಲೈಸೆನ್ಸ್ ಹೋಯಿತು. ಭಾವನ ಸಾಲು ಇರಲಿಲ್ಲ. ಕೊನೆಯಲ್ಲಿ ಒಂದು ವಿನಂತಿ ಇತ್ತು. ‘ಸಾಧ್ಯವಾದರೆ, ಮೊದಲು ನಿಮ್ಮ ಭಾವನನ್ನು ಕೂರಿಸಿ ಪರೀಕ್ಷಿಸಿ. ಬೇಡ ಎಂದು ಜೋರಾಗಿ ನಕ್ಕರೆ ಖಂಡಿತ ಬಿಡಬೇಡಿ. ಪರೀಕ್ಷೆ ಮುಗಿಯುವ ತನಕ ನಿಮ್ಮ ಹುಬ್ಬುಗಳನ್ನು ಅವರಿಂದ ದೂರ ಇಟ್ಟುಕೊಳ್ಳಿ.’

ಆದರೆರಾಯ ಬರೆದ: "ಆದರೆ, ಭಾವ ಇಲ್ಲದವರು ಏನು ಮಾಡಬೇಕು?"

ಭೂತಗನ್ನಡಿ ಬರೆದಳು: "ವಿನಂತಿ ಷರತ್ತಲ್ಲ. ಅಷ್ಟು ಬೇಕಾದರೆ ನಮ್ಮವರನ್ನು ಕಳಿಸಿಕೊಡ್ತೀನಿ, ಊಟ ಹಾಕಿ ವಾಪಸ್ ಕಳಿಸಿ. ಲೈಸೆನ್ಸ್ ಮುಕ್ತ."

ಅಂದು ಸಂಜೆ ಮುಕ್ಕಾಲಿಯ ಮೇಲೆ ತಮ್ಮ ಕೂತಿದ್ದ. ತಟ್ಟೆಯಲ್ಲಿ ರಾಶಿಬಿದ್ದಿದ್ದ ಫ್ರೇಮುಗಳನ್ನು ನೋಡಿ, "ಏನಕ್ಕ, ನೀನು ಇಷ್ಟು ದಿನ ಕೈ ಕಟ್ಕೊಂಡು ಕೂತಿದ್ಯಾ?" ಎಂದು ಬೈದುಕೊಂಡೇ ತಿರುಪುಳಿ ತೆಗೆದ. ಅವಳು ಎರಡು ಟೀಗೆ ಕೂಗಿದಳು.

ಗಂಡನ ಕಣ್ಣಿನ ಆಪರೇಷನ್ ಆಯಿತು, ಮೊದಲು ಒಂದು, ಆಮೇಲೆ ಇನ್ನೊಂದು. ಕಣ್ಣಿಗೆ ಹಾಕುವ ಹನಿಯೆಲ್ಲ ಮುಗಿದ ಮೇಲೆ ಅವನಾಗಿಯೇ, "ಆ ಶಾಲೆ ಫೋಟೋ ಒಂದು ಸಲ ನೋಡಬೇಕು" ಎಂದ. ಮೂವರೂ ಹೋದರು. ಮಕ್ಕಳೆಲ್ಲ ಮನೆಗೆ ಹೋಗಿದ್ದ ಹೊತ್ತು, ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಸಾಲಾಗಿ ನಿಂತ ಮೇಷ್ಟ್ರುಗಳ ನಡುವೆ ಅವನ ಬಾಮೈದ ಒಬ್ಬನೇ, ಎಡಗಣ್ಣಿನ ಮೇಲೆ ಬೋಳು ಬಯಲು, ನಗಬೇಕೋ ಅಳಬೇಕೋ ತಿಳಿಯದ ಮುಖ. ಇಷ್ಟು ದಿನ ಊರಿಗೆಲ್ಲ ಹೇಳಿ ನಕ್ಕಿದ್ದನಲ್ಲ, ಆ ಮುಖವನ್ನು ಅವನು ನಿಜಕ್ಕೂ ಕಂಡದ್ದು ಅಂದೇ.

"ಅಯ್ಯೋ," ಎಂದ. "ಇಷ್ಟೊಂದು ಹೋಗಿತ್ತೇನೋ?"

ಅವನ ನಗು ಬರುತ್ತದೆಂದು ಅಕ್ಕ ತಮ್ಮ ಇಬ್ಬರೂ ಕಾದರು. ಬರಲಿಲ್ಲ. ಅವನು ಫೋಟೋದ ಗಾಜಿನ ಮೇಲೆ ಆ ಬೋಳು ಜಾಗಕ್ಕೆ ಬೆರಳು ಇಟ್ಟ.

"ತಪ್ಪಾಯ್ತು ಕಣೋ."

ಮೇಷ್ಟ್ರು ತನ್ನ ಎಡಹುಬ್ಬನ್ನು ಒಮ್ಮೆ ಸವರಿಕೊಂಡ.

"ಬಿಡಿ ಭಾವ," ಎಂದ. "ಬೆಳೀತಲ್ಲ."